ಮರುಭೂಮಿಯ ಮರಕ್ಕೆ ನೀರು ಹಾಕುವವರು ಯಾರು?

ಪ್ರಶ್ನೆ: ನಮ್ಮನೆ ಕುಂಡದ ಗಿಡಕ್ಕೆ ಎರಡು ದಿನ ನೀರು ಹಾಕದಿದ್ದರೆ ಬಾಡಿಹೋಗುತ್ತದೆ. ಮರುಭೂಮಿಯಲ್ಲಿ ಮಳೆಯೇ ಬರುವುದಿಲ್ಲವಂತೆ. ಹಾಗಾದರೆ ಅಲ್ಲಿ ಮರ ಹೇಗೆ ಬದುಕುತ್ತದೆ? ಅದಕ್ಕೆ ನೀರು ಯಾರು ಹಾಕುತ್ತಾರೆ?
– 6ನೇ ತರಗತಿ ವಿದ್ಯಾರ್ಥಿನಿ, ಗದಗ

ಉತ್ತರ: ಪುಟ್ಟಿ, ಯಾರೂ ಹಾಕುವುದಿಲ್ಲ. ಮರವೇ ಹುಡುಕಿಕೊಳ್ಳುತ್ತದೆ. ನಿನ್ನ ಗಿಡಕ್ಕೆ ಹುಡುಕುವ ದಾರಿಯೇ ಇಲ್ಲ, ಯಾಕಂದರೆ ಅದರ ಬೇರು ಒಂದು ಗೇಣು ಇಳಿಯುವಷ್ಟರಲ್ಲಿ ಕುಂಡದ ತಳ ಸಿಗುತ್ತದೆ. ಇನ್ನು ಮರುಭೂಮಿಯ ಮರ ಏನೇನು ಮಾಡುತ್ತದೋ ಅದರಲ್ಲಿ ಮುಕ್ಕಾಲು ಪಾಲು ನಮ್ಮ ಕಣ್ಣಿಗೆ ಕಾಣುವುದಿಲ್ಲ, ನೆಲದೊಳಗೆ ನಡೆಯುತ್ತದೆ. ಅದಕ್ಕೇ ನಮಗೆ ಅಷ್ಟು ಆಶ್ಚರ್ಯ.

ಮೊದಲು ಮಳೆಯ ಮಾತು. ಮರುಭೂಮಿಯಲ್ಲೂ ಮಳೆ ಬರುತ್ತದೆ, ಆದರೆ ತುಂಬ ಕಡಿಮೆ. ವರ್ಷಕ್ಕೆ 250 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಜಾಗವನ್ನು ಸಾಮಾನ್ಯವಾಗಿ ಮರುಭೂಮಿ ಅನ್ನುತ್ತಾರೆ. ನಮ್ಮ ದೇಶದ ಥಾರ್ ಮರುಭೂಮಿಯನ್ನೇ ತೆಗೆದುಕೋ. ಅಲ್ಲಿನ ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಳೆ. ನಿಮ್ಮ ಗದಗದಲ್ಲಿ 600ರ ಆಸುಪಾಸು. ಮಂಗಳೂರಿನಲ್ಲಿ 3,500ಕ್ಕೂ ಜಾಸ್ತಿ. ಜೈಸಲ್ಮೇರಿನ ಆ ಅಷ್ಟಿಷ್ಟು ಮಳೆಯೂ ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರ್ ಒಳಗೆ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಕೆಲವು ವರ್ಷ ಅದೂ ಕೈಕೊಡುತ್ತದೆ.

ಆ ಸ್ವಲ್ಪ ಮಳೆ ಎಲ್ಲಿ ಹೋಗುತ್ತದೆ ಅನ್ನುವುದು ಮುಖ್ಯ. ಇದನ್ನು ಪಾಠದಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಕಡೆಯ ಎರೆ ಭೂಮಿಯನ್ನು ಬೇಸಿಗೆಯಲ್ಲಿ ನೋಡಿದ್ದೀಯಲ್ವಾ? ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಎರೆ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಸಣ್ಣ ಮಳೆಯಾದರೆ ಅಷ್ಟೂ ನೀರನ್ನು ಮೇಲಿನ ಪದರದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲು ಬಿದ್ದ ಕೂಡಲೇ ಆ ನೀರು ಆವಿಯಾಗಿ ಹೋಗುತ್ತದೆ. ಮರಳು ಹಾಗಲ್ಲ. ಬಿದ್ದ ಹನಿಯನ್ನು ಸರಸರ ಕೆಳಗೆ ಇಳಿಸುತ್ತದೆ. ಮೇಲಿನ ಮರಳು ಒಂದೆರಡು ದಿನದಲ್ಲಿ ಒಣಗುತ್ತದೆ ನಿಜ, ಆದರೆ ಹಾಗೆ ಒಣಗಿದ್ದೇ ಕೆಳಗಿನ ತೇವಕ್ಕೆ ಕಾವಲು. ಒಣ ಮರಳಿನ ಕಣಗಳ ನಡುವೆ ಗಾಳಿ ತುಂಬಿಕೊಂಡು, ಕೆಳಗಿನ ನೀರು ಮೇಲಕ್ಕೆ ಹತ್ತುವ ದಾರಿ ಕಡಿದುಹೋಗುತ್ತದೆ. ಹೀಗಾಗಿ ಮೇಲೆ ಕಾಲಿಡಲು ಆಗದಷ್ಟು ಸುಡುವ ಮರಳುದಿಬ್ಬದ ಒಳಗೆ, ಆಳದಲ್ಲಿ, ತಿಂಗಳುಗಟ್ಟಲೆ ತೇವ ಇರುತ್ತದೆ. ಜೈಸಲ್ಮೇರ್ ಕಡೆಯ ಜನರಿಗೆ ಇದು ಚೆನ್ನಾಗಿ ಗೊತ್ತು. ಮರಳಿನಲ್ಲಿ ನಿಂತ ಈ ತೇವದ ನೀರಿಗೆ ಅವರು ರೇಜಾಣಿ ಪಾನಿ ಅನ್ನುತ್ತಾರೆ. ಅದನ್ನು ಹಿಡಿಯಲೆಂದೇ ಒಬ್ಬ ಮನುಷ್ಯ ಮಾತ್ರ ಇಳಿಯುವಷ್ಟು ಕಿರಿದಾದ ಬಾವಿ ತೋಡಿ, ಹನಿಹನಿಯಾಗಿ ಒಸರುವ ನೀರನ್ನು ಕುಡಿಯಲು ಬಳಸುತ್ತಿದ್ದರು.

ಅಂದರೆ ಮರುಭೂಮಿಯಲ್ಲಿ ನೀರು ಇದೆ. ಮೇಲೆ ಇಲ್ಲ, ಅಷ್ಟೇ. ಮರಕ್ಕೆ ಎರಡು ಕೆಲಸ. ಆ ನೀರನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಸುಮ್ನೆ ಕಳೆಯಬಾರದು.

ಇವೆರಡನ್ನೂ ಚೆನ್ನಾಗಿ ಕಲಿತ ಒಂದು ಮರದ ಬಗ್ಗೆ ಹೇಳುತ್ತೇನೆ. ರಾಜಸ್ಥಾನದಲ್ಲಿ ಅದರ ಹೆಸರು ಖೇಜ್ಡಿ. 1983ರಿಂದ ಅದು ಆ ರಾಜ್ಯದ ಮರ. ದುಬೈ, ಅಬುಧಾಬಿ ಕಡೆ ಅದನ್ನೇ ಘಾಫ್ ಅನ್ನುತ್ತಾರೆ, ಅಲ್ಲಿ ಅದು ರಾಷ್ಟ್ರೀಯ ಮರ. ಈ ಮರ ನಿನಗೂ ಗೊತ್ತು. ವಿಜಯದಶಮಿ ದಿನ ಹಿರಿಯರ ಕೈಗೆ ಎಲೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನುತ್ತೀಯಲ್ಲ, ಅದೇ ಬನ್ನಿ. ಪಾಂಡವರು ಆಯುಧ ಬಚ್ಚಿಟ್ಟರು ಅನ್ನುವ ಶಮೀವೃಕ್ಷವೂ ಇದೇ. (ಕೆಲವು ಊರುಗಳಲ್ಲಿ ಬೇರೆ ಜಾಲಿ ಜಾತಿಯ ಮರಕ್ಕೂ ಬನ್ನಿ ಅನ್ನುವುದುಂಟು. ನಾನು ಹೇಳುತ್ತಿರುವುದು ಶಮಿಯ ಮಾತು.)

ಬನ್ನಿಯ ಬೀಜ ಮೊಳೆತಾಗ ಏನಾಗುತ್ತದೆ ನೋಡು. ಸಸಿ ಮೇಲೆ ಬೆಳೆಯುವ ಆತುರವನ್ನೇ ತೋರಿಸುವುದಿಲ್ಲ. ನಾಲ್ಕು ಎಲೆ ಬಿಟ್ಟು ಅಲ್ಲೇ ನಿಂತಿರುತ್ತದೆ. ನೋಡಿದವರು ‘ಇದು ಯಾಕೋ ಬೆಳೀತಿಲ್ಲ’ ಅಂದುಕೊಳ್ಳುತ್ತಾರೆ. ಕೆಳಗೆ ಮಾತ್ರ ತಾಯಿಬೇರು ನೆಟ್ಟಗೆ ಇಳಿಯುತ್ತಲೇ ಇರುತ್ತದೆ. ಮಳೆಗಾಲದ ತೇವ ಮೇಲಿನಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ. ಒಣಗು ತನ್ನನ್ನು ಹಿಡಿಯುವ ಮೊದಲೇ ಬೇರು ಅದಕ್ಕಿಂತ ಕೆಳಗೆ ಇಳಿದಿರಬೇಕು. ಇದು ಓಟದ ಪಂದ್ಯ. ಗೆದ್ದ ಸಸಿ ಬದುಕುತ್ತದೆ, ಸೋತದ್ದು ಮೊದಲ ಬೇಸಿಗೆಯಲ್ಲೇ ಹೋಗುತ್ತದೆ. ನಿಜ ಹೇಳಬೇಕಂದರೆ ಹೆಚ್ಚಿನವು ಸೋಲುತ್ತವೆ. ನಾವು ನೋಡುವ ಪ್ರತಿಯೊಂದು ದೊಡ್ಡ ಮರವೂ ಆ ಪಂದ್ಯದಲ್ಲಿ ಗೆದ್ದುಬಂದದ್ದು.

ಬಲಿತ ಖೇಜ್ಡಿಯ ಬೇರು 30 ಮೀಟರ್‌ಗೂ ಜಾಸ್ತಿ ಆಳಕ್ಕೆ ಹೋಗಬಲ್ಲದು. ಇದೇನೂ ಜಗತ್ತಿನ ದಾಖಲೆ ಅಲ್ಲ. 1960ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಗಣಿಗಾಗಿ ನೆಲ ಅಗೆದಾಗ, ಮೆಸ್ಕೀಟ್ ಅನ್ನುವ ಬನ್ನಿಯ ಬಳಗದ ಮರದ ಬೇರು 53 ಮೀಟರ್ ಆಳದಲ್ಲಿ ಕಂಡಿತ್ತು. ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿ ಕೊಳವೆಬಾವಿ ಕೊರೆಯುವಾಗ ಕುರಿಗಾಹಿ ಮರ ಎಂದು ಕರೆಯುವ ಒಂದು ಮರದ ಬೇರು 68 ಮೀಟರ್ ಕೆಳಗೆ ಸಿಕ್ಕಿತು. ಆ ಮರದ ಎತ್ತರ ನೋಡಿದರೆ ಕೆಲವೇ ಮೀಟರ್!

ಸಹಾರಾ ಮರುಭೂಮಿಯ ಟೆನೆರೆ ಎಂಬಲ್ಲಿ ಒಂದು ಜಾಲಿ ಮರ ಇತ್ತು. ಸುತ್ತ ನೂರಾರು ಕಿಲೋಮೀಟರ್ ದೂರ ಬೇರೆ ಒಂದು ಮರವೂ ಇಲ್ಲ. ಉಪ್ಪು ಸಾಗಿಸುವ ಒಂಟೆ ಸವಾರರಿಗೆ ಅದೇ ದಾರಿಗುರುತು. ಅದು ಅಲ್ಲಿ ಹೇಗೆ ಬದುಕಿದೆ ಅನ್ನುವುದೇ ಎಲ್ಲರಿಗೂ ಒಗಟು. 1938–39ರ ಚಳಿಗಾಲದಲ್ಲಿ ಅದರ ಪಕ್ಕದಲ್ಲೇ ಬಾವಿ ತೋಡಿದರು. ಸುಮಾರು 35 ಮೀಟರ್ ಕೆಳಗೆ, ಅಂತರ್ಜಲದ ಹತ್ತಿರ, ಅದರ ಬೇರು ಸಿಕ್ಕಿತು. 1973ರಲ್ಲಿ ಒಂದು ಲಾರಿ ಬಂದು ಆ ಮರಕ್ಕೇ ಗುದ್ದಿ ಬೀಳಿಸಿತು. ಅಷ್ಟು ವಿಶಾಲವಾದ ಬಯಲಿನಲ್ಲಿ ಒಂದೇ ಒಂದು ಮರ, ಅದಕ್ಕೇ ಗುದ್ದಿತು. ಒಣಗಿದ ಕಾಂಡವನ್ನು ನೈಜರ್ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅದನ್ನು ನೆನೆದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬೇರಿನ ಇನ್ನೊಂದು ಕೆಲಸ ರಾತ್ರಿ ಹೊತ್ತು ನಡೆಯುತ್ತದೆ. ಹಗಲು ಎಲೆಗಳು ನೀರನ್ನು ಮೇಲಕ್ಕೆ ಎಳೆಯುತ್ತವೆ. ರಾತ್ರಿ ಆ ಸೆಳೆತ ನಿಲ್ಲುತ್ತದೆ. ಆಗ ಆಳದ ಬೇರಿನಿಂದ ಹತ್ತಿಬಂದ ನೀರು ಮೇಲ್ಪದರದ ಬೇರುಗಳಿಗೆ ಹೋಗಿ, ಅಲ್ಲಿಂದ ಒಣ ಮಣ್ಣಿಗೆ ಸ್ವಲ್ಪ ಸ್ವಲ್ಪ ಒಸರುತ್ತದೆ. ಬೆಳಿಗ್ಗೆ ಮರ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಪಕ್ಕದ ಹುಲ್ಲು, ಗಿಡಗಳಿಗೂ ಒಂದಷ್ಟು ಸಿಗುತ್ತದೆ. ಮೆಸ್ಕೀಟ್ ಮರದ ಬೇರುಗಳಿಗೆ ಉಪಕರಣ ಕಟ್ಟಿ ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. ನೀರು ಹಾಕುವವರು ಯಾರು ಅಂತ ಕೇಳಿದೆಯಲ್ಲ? ಕೆಲವು ಕಡೆ ಮರವೇ ಬೇರೆಯವರಿಗೆ ನೀರು ಹಾಕುತ್ತದೆ.

ಈಗ ಎರಡನೇ ಕೆಲಸ, ನೀರನ್ನು ಕಳೆಯದೆ ಇಟ್ಟುಕೊಳ್ಳುವುದು. ಇದು ಅರ್ಥವಾಗಬೇಕಾದರೆ ನೀನೇ ಒಂದು ಪ್ರಯೋಗ ಮಾಡು. ಬಿಸಿಲಲ್ಲಿರುವ ಯಾವುದಾದರೂ ಗಿಡದ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟು. ಹೊಂಗೆಯೋ ದಾಸವಾಳವೋ ಆದರೆ ಒಳ್ಳೆಯದು. ಒಂದೆರಡು ಗಂಟೆ ಬಿಟ್ಟು ನೋಡಿದರೆ ಚೀಲದ ಒಳಗೆಲ್ಲ ಮಂಜು, ನೀರಿನ ಹನಿ. ಆ ನೀರು ಬಂದದ್ದು ಎಲೆಯಿಂದ. ಎಲೆಯಲ್ಲಿ, ಹೆಚ್ಚಾಗಿ ಕೆಳಗಿನ ಮೈಯಲ್ಲಿ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸಾವಿರಾರು ಪುಟ್ಟ ಬಾಯಿಗಳಿವೆ. ಪತ್ರರಂಧ್ರ ಅಂತ ನಿಮ್ಮ ಪಾಠದಲ್ಲಿ ಬರುತ್ತದೆ. ಊಟ ತಯಾರಿಸಲು ಗಿಡಕ್ಕೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕಾಗಿ ಬಾಯಿ ತೆರೆಯಬೇಕು. ಬಾಯಿ ತೆರೆದರೆ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ 100ಕ್ಕೆ 95 ಪಾಲಿಗೂ ಜಾಸ್ತಿ ಹೀಗೇ ಹೋಗುತ್ತದೆ. ಬಾಯಿ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಹೊಟ್ಟೆಗಿಲ್ಲ. ಬಾಯಾರಿಕೆಯೋ ಹಸಿವೋ, ಮರುಭೂಮಿಯ ಮರಕ್ಕೆ ದಿನವೂ ಇದೇ ಕಷ್ಟ.

ಮುಂದಿನ ದಸರಾದಲ್ಲಿ ಬನ್ನಿ ಎಲೆ ಕೈಗೆ ಬಂದಾಗ ಹಾಗೇ ಜೇಬಿಗೆ ಹಾಕಬೇಡ, ಬೆಳಕಿಗೆ ಹಿಡಿದು ನೋಡು. ಒಂದು ದೊಡ್ಡ ಎಲೆ ಅಲ್ಲಿ ಇರುವುದೇ ಇಲ್ಲ. ನಡುವೆ ಸಣ್ಣ ಕಡ್ಡಿ, ಅದರ ಆಚೀಚೆ ಕವಲು, ಪ್ರತಿ ಕವಲಿನಲ್ಲೂ ಜೋಡಿಜೋಡಿಯಾಗಿ ಹತ್ತಾರು ಪುಟಾಣಿ ಎಲೆಗಳು. ಒಂದೊಂದೂ ಒಂದು ಸೆಂಟಿಮೀಟರ್ ಆಸುಪಾಸು. ಯಾಕೆ ಹೀಗೆ? ರಾಗಿ ಮುದ್ದೆ ಇಡಿಯಾಗಿ ಇಟ್ಟರೆ ಆರಲು ಹೊತ್ತು ಹಿಡಿಯುತ್ತದೆ, ಚಿಕ್ಕ ಚಿಕ್ಕ ತುತ್ತು ಮಾಡಿಟ್ಟರೆ ಬೇಗ ಆರುತ್ತದೆ, ಅಲ್ವಾ? ಎಲೆಗೂ ಅದೇ ಲೆಕ್ಕ. ಅಗಲವಾದ ಎಲೆ ಬಿಸಿಲಿಗೆ ಕಾದರೆ ಕಾದೇ ಇರುತ್ತದೆ. ತಣ್ಣಗಾಗಲು ಅದು ನೀರನ್ನೇ ಖರ್ಚು ಮಾಡಬೇಕು. ಪುಟ್ಟ ಎಲೆಯ ಸುತ್ತ ಗಾಳಿ ಸುಲಭವಾಗಿ ಸುಳಿಯುತ್ತದೆ, ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನೀರಿನ ಖರ್ಚಿಲ್ಲದೆ ತಂಪು. ಬಾಳೆ ಎಲೆಯಷ್ಟು ಅಗಲದ ಎಲೆ ಜೈಸಲ್ಮೇರಿನ ಮೇ ತಿಂಗಳಲ್ಲಿ ಒಂದು ದಿನವೂ ತಡೆಯಲಾರದು.

ಎಲೆಯ ಸಹವಾಸವೇ ಬೇಡ ಅಂದ ಮರಗಳೂ ಇವೆ. ಥಾರ್‌ನಲ್ಲಿ ಕೇರ್ ಅನ್ನುವ ಕುಳ್ಳ ಮರ ಇದೆ. ಎಳೆ ಚಿಗುರಿನಲ್ಲಿ ಚೂರುಪಾರು ಎಲೆ ಬಂದು ಬೇಗ ಉದುರಿಹೋಗುತ್ತದೆ. ಉಳಿದಂತೆ ಬರೀ ಹಸಿರು ಕಡ್ಡಿಗಳ ಪೊದೆ. ಆ ಹಸಿರು ಕಡ್ಡಿಗಳೇ ಅದಕ್ಕೆ ಅಡುಗೆಮನೆ, ಬಿಸಿಲು ಹಿಡಿದು ಊಟ ತಯಾರಿಸುತ್ತವೆ. ಎಲೆ ಇಲ್ಲದಿದ್ದರೇನಂತೆ, ಇಟ್ಟಿಗೆ ಬಣ್ಣದ ಹೂವು ಬಿಟ್ಟಾಗ ಅದರ ಚೆಂದವೇ ಬೇರೆ. ಅದರ ಕಾಯಿಯ ಉಪ್ಪಿನಕಾಯಿ ರಾಜಸ್ಥಾನದಲ್ಲಿ ಮನೆಮಾತು. ಅಮೆರಿಕದ ಮರುಭೂಮಿಯಲ್ಲಿ ಪಾಲೋ ವರ್ಡೆ ಎಂಬ ಮರದ ತೊಗಟೆಯೇ ಹಸಿರು. ಬರ ಬಂದರೆ ಎಲೆಯನ್ನೆಲ್ಲ ಉದುರಿಸಿ ತೊಗಟೆಯಿಂದಲೇ ದಿನ ದೂಡುತ್ತದೆ. ಆಫ್ರಿಕಾದ ನಮೀಬಿಯಾ ಕಡೆ ಬತ್ತಳಿಕೆ ಮರ ಅಂತ ಇದೆ. ಸಾನ್ ಜನ ಅದರ ಪೊಳ್ಳು ಕೊಂಬೆಯಿಂದ ಬಾಣದ ಬತ್ತಳಿಕೆ ಮಾಡುತ್ತಿದ್ದರು. ತೀರಾ ಕಷ್ಟ ಬಂದರೆ ಅದು ತನ್ನ ಕೊಂಬೆಯನ್ನೇ ಉದುರಿಸಿ, ಗಾಯವನ್ನು ಮುಚ್ಚಿಕೊಂಡು, ಉಳಿದ ಭಾಗವನ್ನು ಕಾಪಾಡಿಕೊಳ್ಳುತ್ತದೆ.

ಕಳ್ಳಿಗಳ ದಾರಿ ಬೇರೆ. ಅರಿಜೋನಾ, ಮೆಕ್ಸಿಕೋ ಕಡೆಯ ಸಗ್ವಾರೋ ಕಳ್ಳಿ ಮರದಷ್ಟೇ ಎತ್ತರ, 12 ಮೀಟರ್ ದಾಟುವುದೂ ಉಂಟು. ಅದರ ಬೇರು ಆಳಕ್ಕೆ ಹೋಗುವುದಿಲ್ಲ. ಒಂದು ಗೇಣು ಕೆಳಗೆ ಸುತ್ತಲೂ ಹರಡಿರುತ್ತದೆ. ಮಳೆ ಬಂದ ಕೂಡಲೇ ಎಷ್ಟು ಸಿಕ್ಕರೆ ಅಷ್ಟು ಕುಡಿದು ಮೈಯಲ್ಲಿ ತುಂಬಿಕೊಳ್ಳುತ್ತದೆ. ಅದರ ಕಾಂಡದಲ್ಲಿ ಮೇಲಿಂದ ಕೆಳಗೆ ನೆರಿಗೆಗಳಿವೆ. ನೀರು ತುಂಬಿದಾಗ ನೆರಿಗೆ ಬಿಚ್ಚಿ ಕಾಂಡ ಉಬ್ಬುತ್ತದೆ, ಖರ್ಚಾದಾಗ ಮತ್ತೆ ಮಡಚಿಕೊಳ್ಳುತ್ತದೆ. ಪತ್ರರಂಧ್ರಗಳನ್ನು ಹಗಲು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಹಿಡಿದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲು ಬಂದಾಗ ಬಳಸುತ್ತದೆ. ನಿಮ್ಮ ಹೊಲದ ಬದುವಿನ ಪಾಪಸುಕಳ್ಳಿಯೂ ಮಾಡುವುದು ಇದನ್ನೇ. ಹಾಗಾಗಿ ಅದರ ಒಳಗಿನ ರಸ ಸಂಜೆಗಿಂತ ಬೆಳಗಿನ ಜಾವ ಜಾಸ್ತಿ ಹುಳಿ. ಪರೀಕ್ಷೆ ಮಾಡಲು ಬಾಯಿಗೆ ಹಾಕಬೇಡ ಮತ್ತೆ! ಕಳ್ಳಿ ಅನ್ನುವ ಹೆಸರಿನ ಗಿಡಗಳಲ್ಲಿ ಹಾಲು ಒಸರುವ ವಿಷದವೂ ಇವೆ.

ಸಗ್ವಾರೋ ಮರಿಯಾಗಿದ್ದಾಗ ಒಂಟಿಯಾಗಿ ಬದುಕಲಾರದು. ಪಾಲೋ ವರ್ಡೆಯದ್ದೋ ಮೆಸ್ಕೀಟಿನದ್ದೋ ನೆರಳಲ್ಲಿ ಬೆಳೆಯುತ್ತದೆ. ಅಲ್ಲಿನ ವಿಜ್ಞಾನಿಗಳು ಅಂಥ ಮರವನ್ನು ದಾದಿ ಮರ ಅನ್ನುತ್ತಾರೆ.

ಖೇಜ್ಡಿಗೆ ಮರಳಿ ಬರೋಣ. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗುಣ ಅದು ಚಿಗುರುವ ಹೊತ್ತು. ಥಾರ್‌ನ ಬೇಸಿಗೆ ಅಂದರೆ ಸಾಮಾನ್ಯ ಅಲ್ಲ. 2016ರ ಮೇ 19ರಂದು ಅಲ್ಲಿನ ಫಲೋದಿ ಎಂಬ ಊರಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಹುಲ್ಲು ಸುಟ್ಟಿರುತ್ತದೆ, ಹೊಲ ಖಾಲಿ ಇರುತ್ತದೆ. ಮಳೆ ಬರಲು ಇನ್ನೂ ತಿಂಗಳುಗಳಿರುವಾಗಲೇ ಖೇಜ್ಡಿ ಹೊಸ ಚಿಗುರು ಬಿಡುತ್ತದೆ, ಹೂವು ಬಿಡುತ್ತದೆ, ಕಾಯಿ ಕಟ್ಟುತ್ತದೆ. ಅದಕ್ಕೆ ಬೇಕಾದ ನೀರು ಆಳದಲ್ಲಿ ಇದೆಯಲ್ಲ, ಮೇಲಿನ ಮೋಡ ಕಾಯಬೇಕಾಗಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಬೀಜ ಬಲಿತು ಸಿದ್ಧ. ಮೇಕೆ, ಒಂಟೆ, ಚಿಂಕಾರಗಳು ಸಿಹಿಯಾದ ಕಾಯಿ ತಿಂದು, ಗಟ್ಟಿ ಬೀಜವನ್ನು ಹಿಕ್ಕೆಯ ಜೊತೆ ದೂರ ದೂರ ಹಾಕುತ್ತವೆ. ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಅದು ಸವೆಯುವವರೆಗೆ ಬೀಜ ಮಣ್ಣಿನಲ್ಲಿ ಕಾಯುತ್ತದೆ.

ಇದರಿಂದ ಜನರಿಗೆ ಆದ ಉಪಕಾರ ಸಣ್ಣದಲ್ಲ. ಎಳೆಯ ಕಾಯಿಗೆ ಸಾಂಗ್ರಿ ಅನ್ನುತ್ತಾರೆ. ಒಣಗಿಸಿಟ್ಟುಕೊಂಡು ವರ್ಷವಿಡೀ ಪಲ್ಯ ಮಾಡುತ್ತಾರೆ. ಸೊಪ್ಪು ಒಂಟೆ, ಮೇಕೆಗೆ ಮೇವು. ಈ ಮರದ ಕೆಳಗೆ ಸಜ್ಜೆ ಹೊರಗಿಗಿಂತ ಚೆನ್ನಾಗಿ ಬೆಳೆಯುತ್ತದೆ. ಪುಟ್ಟ ಎಲೆಗಳ ನೆರಳು ದಟ್ಟ ಅಲ್ಲ, ಬೆಳಕು ಸೋರಿ ಕೆಳಗೆ ಬರುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುತ್ತವೆ. ಮರ ಆಳದ ನೀರು ಕುಡಿಯುವುದರಿಂದ ಬೆಳೆಯ ಜೊತೆ ಜಗಳವೂ ಕಡಿಮೆ. 1899–1900ರ ಭೀಕರ ಬರದಲ್ಲಿ ತಿನ್ನಲು ಏನೂ ಇಲ್ಲದಾಗ ಜನ ಈ ಮರದ ತೊಗಟೆಯನ್ನು ಪುಡಿ ಮಾಡಿ ರೊಟ್ಟಿ ಮಾಡಿಕೊಂಡು ಜೀವ ಉಳಿಸಿಕೊಂಡರು.

ಇಂಥ ಮರವನ್ನು ಕಡಿಯಲು 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಎಂಬ ಊರಿಗೆ ರಾಜನ ಆಳುಗಳು ಬಂದರು. ಅರಮನೆ ಕಟ್ಟಲು ಸುಣ್ಣ ಸುಡಬೇಕಿತ್ತು, ಅದಕ್ಕೆ ಕಟ್ಟಿಗೆ ಬೇಕಿತ್ತು. ಅಮೃತಾ ದೇವಿ ಎಂಬ ಬಿಷ್ಣೋಯಿ ಸಮುದಾಯದ ಹೆಂಗಸು ಮರವನ್ನು ತಬ್ಬಿ ನಿಂತಳು. ತಲೆ ಹೋದರೂ ಮರ ಉಳಿದರೆ ಅದು ಅಗ್ಗದ ವ್ಯಾಪಾರವೇ ಎಂದಳಂತೆ. ಅವಳನ್ನೂ, ಅವಳ ಮಕ್ಕಳನ್ನೂ, ಒಬ್ಬರ ಹಿಂದೆ ಒಬ್ಬರಂತೆ ಬಂದು ಮರ ತಬ್ಬಿದವರನ್ನೂ ಕಡಿದರು. ಒಟ್ಟು 363 ಜನ. ನಮ್ಮ ದೇಶದಲ್ಲಿ ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ ಆಗಿರುವುದು ಇವರ ನೆನಪಿಗೇ.

ಎಷ್ಟೇ ಗಟ್ಟಿ ಮರವಾದರೂ ಅದಕ್ಕೂ ಒಂದು ಮಿತಿ ಇದೆ. ಥಾರ್‌ನಲ್ಲಿ ಕೊಳವೆಬಾವಿಗಳು ಜಾಸ್ತಿಯಾಗಿ ಅಂತರ್ಜಲ ಕೆಳಗೆ ಇಳಿಯುತ್ತಿದೆ. ಅಷ್ಟು ವೇಗದಲ್ಲಿ ಬೇರು ಇಳಿಯಲಾರದು. ಟ್ರ್ಯಾಕ್ಟರ್ ನೇಗಿಲು ಮೇಲಿನ ಬೇರುಗಳನ್ನೂ ಹೊಸ ಸಸಿಗಳನ್ನೂ ಕತ್ತರಿಸುತ್ತದೆ. ಮೇವಿಗೆಂದು ಪ್ರತಿ ವರ್ಷ ಪೂರ್ತಿ ಬೋಳಿಸಿದ ಮರ ಸೊರಗುತ್ತದೆ. ಸೊರಗಿದ ಮರಕ್ಕೆ ಬೇರು ಕೊರೆಯುವ ಹುಳವೂ ಶಿಲೀಂಧ್ರವೂ ಬೀಳುತ್ತವೆ. ಈಚಿನ ವರ್ಷಗಳಲ್ಲಿ ಸೌರ ವಿದ್ಯುತ್ ಘಟಕಗಳಿಗಾಗಿ ಖೇಜ್ಡಿ ಕಡಿಯುವುದನ್ನು ವಿರೋಧಿಸಿ ಬೀಕಾನೇರ್ ಕಡೆ ಜನ ಬೀದಿಗಿಳಿದಿದ್ದಾರೆ. ಸೌರ ವಿದ್ಯುತ್ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ನೂರು ವರ್ಷ ಆಳಕ್ಕೆ ಬೇರು ಬಿಟ್ಟ ಮರ ಕಡಿದು, ಬದಲಿಗೆ ಇನ್ನೆಲ್ಲೋ ಹತ್ತು ಸಸಿ ನೆಟ್ಟರೆ ಲೆಕ್ಕ ಸರಿಹೋಯಿತು ಅನ್ನುವುದನ್ನು ನಾನು ಒಪ್ಪಲಾರೆ. ಆ ಹತ್ತರಲ್ಲಿ ಎಷ್ಟು ಮೊದಲ ಬೇಸಿಗೆ ದಾಟುತ್ತವೆ ಎಂದು ಈಗ ನಿನಗೇ ಗೊತ್ತು.

ನಿನಗೆ ಇಷ್ಟವಿದ್ದರೆ ಒಂದು ಬನ್ನಿ ಸಸಿ ಬೆಳೆಸು. ಬಲಿತು ಒಣಗಿದ ಕಾಯಿಯಿಂದ ಬೀಜ ಬಿಡಿಸಿಕೋ. ಆದರೆ ಬಳ್ಳಾರಿ ಜಾಲಿಯ ಕಾಯಿ ಆಯ್ದುಕೊಂಡು ಬಂದುಬಿಡಬೇಡ, ಅದು ಹೊರದೇಶದಿಂದ ಬಂದು ಎಲ್ಲ ಕಡೆ ಹಬ್ಬಿರುವ ಮರ. ಬಳ್ಳಾರಿ ಜಾಲಿಯಲ್ಲಿ ಎಲೆಯ ಬುಡದಲ್ಲಿ ಉದ್ದನೆಯ ಮುಳ್ಳು, ಹೆಚ್ಚಾಗಿ ಜೋಡಿಯಾಗಿ, ಇರುತ್ತದೆ. ಬನ್ನಿಯ ಮುಳ್ಳು ಗಿಡ್ಡ, ಬುಡ ದಪ್ಪ, ಕಡ್ಡಿಯುದ್ದಕ್ಕೂ ಅಲ್ಲಲ್ಲಿ ಇರುತ್ತದೆ. ಬೀಜವನ್ನು ಮರಳು ಕಾಗದದ ಮೇಲೆ ಒಂದು ಕಡೆ ಸ್ವಲ್ಪ ಉಜ್ಜಿ, ಒಂದು ದಿನ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಹಾಕು. ಉಬ್ಬಿದವನ್ನು ಆರಿಸಿ ಬಿತ್ತು. ಅಗಲವಾದ ಕುಂಡ ಬೇಡ. ನರ್ಸರಿಯಲ್ಲಿ ಸಿಗುವ ಉದ್ದನೆಯ ಚೀಲ ತಗೋ, ಮರಳು ಜಾಸ್ತಿ ಇರುವ ಮಣ್ಣು ತುಂಬು. ಮೇಲೆ ಬೆಳೆಯುತ್ತಿಲ್ಲ ಅಂತ ಕಿತ್ತು ನೋಡಬೇಡ. ತಾಯಿಬೇರು ಚೀಲದ ತಳ ಮುಟ್ಟಿ ಸುತ್ತಿಕೊಳ್ಳುವ ಮೊದಲೇ, ಮಳೆಗಾಲದ ಶುರುವಿನಲ್ಲಿ ನೆಲಕ್ಕೆ ನೆಡು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಿಧಾನವಾಗಿ, ಆಳಕ್ಕೆ ಇಳಿಯುವಷ್ಟು ನೀರು ಕೊಡು. ದಿನಾ ಚೂರು ಚೂರು ಹಾಕಿದರೆ ಬೇರು ಮೇಲೇ ಉಳಿದುಬಿಡುತ್ತದೆ.